ಎಣ್ಣೆಬಾವಿಯ ತಲೆಯ ಮೇಲಿನ ಬೆಂಕಿ

ಅಡಿಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ ಏನು ಮಾಡಬೇಕೆಂಬುದನ್ನು ಈಗ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸ್ವಿಚ್ಚು ಮುಟ್ಟಬೇಡಿರೆಂದು ತಾಯಿ ಒಳಗಿನಿಂದ ಕೂಗುತ್ತಾಳೆ. ಒಬ್ಬರು ಕಿಟಕಿ ತೆರೆಯುತ್ತಾರೆ, ಇನ್ನೊಬ್ಬರು ರೆಗ್ಯುಲೇಟರನ್ನು ಮುಚ್ಚುತ್ತಾರೆ. ಐದು ನಿಮಿಷದಲ್ಲಿ ಸೋರಿಕೆ ನಿಂತಿರುತ್ತದೆ. ಆ ವಾಸನೆ ಅನಿಲದ ಸ್ವಂತದ್ದಲ್ಲ. ಸೋರಿದ್ದು ಮೂಗಿಗೆ ಗೊತ್ತಾಗಲೆಂದು ದುರ್ವಾಸನೆಯ ಗಂಧಕದ ಪದಾರ್ಥವೊಂದನ್ನು ತೀರ ಅಲ್ಪ ಪ್ರಮಾಣದಲ್ಲಿ ಅದಕ್ಕೆ ಬೆರೆಸಿರುತ್ತಾರೆ. ಅನೇಕ ಮನೆಗಳನ್ನು ಉಳಿಸಿರುವುದು ಈ ಸಣ್ಣ ಉಪಾಯವೇ.

ಇದೇ ಸೋರಿಕೆ ಸಹಾರಾ ಮರಳುಗಾಡಿನ ನಡುವೆ ಆದರೆ ಏನಾಗುತ್ತದೆ? ಆಲ್ಜೀರಿಯ ದೇಶದ ಹಸ್ಸಿ ಮೆಸ್ಸೌದ್ ಎಂಬಲ್ಲಿ ದೊಡ್ಡದೊಂದು ಎಣ್ಣೆಯ ಪ್ರದೇಶವಿದೆ. ಅಲ್ಲಿ ಒಂದು ಕಡೆ ಕನಿಷ್ಠ ಪಕ್ಷ 1999ರಿಂದ ಅನಿಲ ಎಡೆಬಿಡದೆ ಸೋರುತ್ತಿತ್ತು. ಅದು ನಿಂತದ್ದು 2024ರಲ್ಲಿ. ಅದೂ ಉಪಗ್ರಹಗಳು ಆಕಾಶದಿಂದ ನೋಡಿ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಸಂಬಂಧಪಟ್ಟವರಿಗೆ ತಿಳಿಸಿದ ಮೇಲೆ. ಮನೆಯಲ್ಲಿ ಐದು ನಿಮಿಷದ ಕೆಲಸ, ಬಾವಿಯ ಬಳಿ ಇಪ್ಪತ್ತೈದು ವರ್ಷ ಹಿಡಿಯಿತು. ಎರಡು ಕಡೆಯೂ ಬೇಕಾದದ್ದು ಬಹುಮಟ್ಟಿಗೆ ಒಂದೇ: ಸೋರುವ ಜಾಗವನ್ನು ಹುಡುಕಿ ಮುಚ್ಚುವುದು. ಹಾಗಿದ್ದೂ ಇಷ್ಟೊಂದು ಅಂತರವೇಕೆ? ಎಣ್ಣೆ ಮತ್ತು ಅನಿಲದ ಉದ್ಯಮ ಹೊರಬಿಡುವ ಹಸಿರುಮನೆ ಅನಿಲಗಳನ್ನು ಕಡಿಮೆ ಮಾಡುವ ಪ್ರಶ್ನೆಯೆಲ್ಲ ಬಹಳ ಮಟ್ಟಿಗೆ ಈ ‘ಏಕೆ’ ಎಂಬುದರಲ್ಲಿಯೇ ಅಡಗಿದೆ.

ಮೊದಲು ಎಣ್ಣೆಬಾವಿಯಲ್ಲಿ ಅನಿಲವೇಕೆ ಬರುತ್ತದೆಂಬುದನ್ನು ನೋಡೋಣ. ಗೋಲಿ ಸೋಡಾ ಕುಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗೋಲಿ ಬಾಯನ್ನು ಅದುಮಿ ಮುಚ್ಚಿರುವವರೆಗೆ ಸೀಸೆಯೊಳಗಿನ ನೀರು ಶಾಂತವಾಗಿರುತ್ತದೆ. ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ತಳ್ಳಿದೊಡನೆ ನೊರೆ ಉಕ್ಕುತ್ತದೆ. ಒತ್ತಡದಲ್ಲಿ ನೀರಿನೊಳಗೆ ಕರಗಿದ್ದ ಅನಿಲ, ಒತ್ತಡ ಇಳಿದ ಕೂಡಲೆ ಹೊರಕ್ಕೆ ಹಾರುತ್ತದೆ. ನೆಲದಡಿಯಲ್ಲಿ ಸಾವಿರಾರು ಅಡಿ ಆಳದ ಬಂಡೆಗಳಲ್ಲಿರುವ ಕಚ್ಚಾ ಎಣ್ಣೆಯ ಸ್ಥಿತಿಯೂ ಹೀಗೆಯೇ. ಅದರಲ್ಲಿ ನೈಸರ್ಗಿಕ ಅನಿಲ ಕರಗಿರುತ್ತದೆ. ಎಷ್ಟೋ ಕಡೆ ಎಣ್ಣೆಯ ಮೇಲೆ ಬೇರೆಯಾಗಿಯೂ ತುಂಬಿಕೊಂಡಿರುತ್ತದೆ. ಬಾವಿ ಕೊರೆದು ಎಣ್ಣೆಯನ್ನು ಮೇಲಕ್ಕೆ ತಂದರೆ ಅನಿಲವೂ ಜೊತೆಯಲ್ಲಿ ಬರುತ್ತದೆ. ಈ ಅನಿಲದ ಬಹುಪಾಲು ಮೀಥೇನ್.

ಎಣ್ಣೆಯನ್ನು ಪೀಪಾಯಿಗೆ ತುಂಬಬಹುದು, ಹಡಗಿಗೆ ಹೊಯ್ಯಬಹುದು. ಅನಿಲಕ್ಕೆ ಅಷ್ಟು ಸುಲಭದ ಸಾಗಾಣಿಕೆಯಿಲ್ಲ. ಅದಕ್ಕೆ ನೂರಾರು ಮೈಲಿ ಕೊಳವೆ ಹಾಕಬೇಕು. ಇಲ್ಲವೆ ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿ ದ್ರವವಾಗಿ ಮಾಡಿ ವಿಶೇಷ ಹಡಗಿನಲ್ಲಿ ಸಾಗಿಸಬೇಕು. ಎರಡಕ್ಕೂ ಅಪಾರ ಬಂಡವಾಳ ಬೇಕು. ಎಣ್ಣೆಯೇನೋ ಕೂಡಲೆ ಹಣ ತರುತ್ತದೆ. ಹೀಗಾಗಿ ಉದ್ಯಮ ಹುಟ್ಟಿದಾಗಿನಿಂದ ಒಂದು ಸುಲಭದ ದಾರಿ ರೂಢಿಗೆ ಬಂದಿತು. ಎತ್ತರದ ಕೊಳವೆಯೊಂದನ್ನು ನೆಟ್ಟು, ಅದರ ತುದಿಯಲ್ಲಿ ಬೆಂಕಿ ಹೊತ್ತಿಸಿ, ಬಂದ ಅನಿಲವನ್ನೆಲ್ಲ ಅಲ್ಲಿಯೇ ಸುಟ್ಟುಬಿಡುವುದು. ಎಣ್ಣೆಯ ಪ್ರದೇಶಗಳ ಚಿತ್ರಗಳಲ್ಲಿ ಕಾಣುವ ಆರದ ಜ್ವಾಲೆ ಇದೇ. ಕೆಲವು ಸಲ ಈ ಬೆಂಕಿ ಅವಶ್ಯಕ: ಯಂತ್ರ ಕೆಟ್ಟು ಒತ್ತಡ ಏರಿದಾಗ ಅನಿಲವನ್ನು ಹೊರಕ್ಕೆ ಬಿಡದಿದ್ದರೆ ಸ್ಫೋಟವಾಗಬಹುದು. ಆದರೆ ಅಪಾಯದ ವೇಳೆಗೆಂದು ಇಟ್ಟ ಬಾಗಿಲು ನಿತ್ಯದ ಹಾದಿಯಾಗಿ ಹೋಯಿತು.

ಎಷ್ಟು ಸುಡುತ್ತಾರೆ ಎಂದು ಕೇಳಬಹುದು. ರಾತ್ರಿಯ ವೇಳೆ ಈ ಜ್ವಾಲೆಗಳನ್ನು ಉಪಗ್ರಹಗಳಿಂದ ಎಣಿಸಿ ವಿಶ್ವಬ್ಯಾಂಕು ಪ್ರತಿ ವರ್ಷ ಲೆಕ್ಕ ಕೊಡುತ್ತದೆ. 2024ರಲ್ಲಿ ಲೋಕದಲ್ಲೆಲ್ಲ ಹೀಗೆ ಉರಿದು ಹೋದದ್ದು ಸುಮಾರು 15,100 ಕೋಟಿ ಘನ ಮೀಟರ್ ಅನಿಲ. ಭಾರತವೆಲ್ಲ ಸೇರಿ ಒಂದು ವರ್ಷಕ್ಕೆ ಬಳಸುವ ನೈಸರ್ಗಿಕ ಅನಿಲಕ್ಕೆ ಇದು ಸುಮಾರು ಎರಡು ಪಟ್ಟು. ಒಂದು ಹಿಡಿ ಅಕ್ಕಿ ಬೇಯಿಸದೆ, ಒಂದು ದೀಪ ಬೆಳಗಿಸದೆ, ಬರಿದೆ ಆಕಾಶಕ್ಕೆ ಹೋದ ಶಾಖ ಇದು. ಇದರ ನಾಲ್ಕರಲ್ಲಿ ಮೂರು ಪಾಲು ರಷ್ಯ, ಇರಾನ್, ಇರಾಕ್, ಅಮೆರಿಕ, ವೆನೆಜುವೆಲ, ಆಲ್ಜೀರಿಯ, ಲಿಬಿಯ, ಮೆಕ್ಸಿಕೊ, ನೈಜೀರಿಯ ಈ ಒಂಬತ್ತು ದೇಶಗಳದ್ದೇ.

ಸುಡುವುದು ನಷ್ಟ ಸರಿ. ಸುಡದೆ ಹಾಗೆಯೇ ಹೊರಬಿಟ್ಟರೆ? ಅದು ಇನ್ನೂ ಕೆಟ್ಟದ್ದು. ಇದರ ಕಾರಣ ತಿಳಿಯಬೇಕಾದರೆ 1859ನೆಯ ಇಸವಿಗೆ ಹಿಂತಿರುಗಬೇಕು. ಆ ವರ್ಷ ಎರಡು ಸಂಗತಿಗಳು ನಡೆದವು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಎಣ್ಣೆಗಾಗಿಯೇ ಬಾವಿ ಕೊರೆದು ಯಶಸ್ವಿಯಾದನು. ಇತ್ತ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಬೇರೆ ಬೇರೆ ಅನಿಲಗಳನ್ನು ಕೊಳವೆಯಲ್ಲಿ ತುಂಬಿ, ಒಂದು ತುದಿಯಿಂದ ಶಾಖ ಹಾಯಿಸಿ, ಇನ್ನೊಂದು ತುದಿಗೆ ಎಷ್ಟು ಬರುತ್ತದೆಂದು ಅಳೆದನು. ಶುದ್ಧವಾದ ಗಾಳಿ ಶಾಖವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಆದರೆ ಕಲ್ಲಿದ್ದಲಿನ ಅನಿಲ ಮೊದಲಾದ ಕೆಲವು ಅನಿಲಗಳು ಅದನ್ನು ತಡೆದು ನುಂಗುತ್ತವೆ ಎಂದು ಕಂಡುಕೊಂಡನು. ಎಣ್ಣೆಯ ಯುಗವೂ, ಅದರ ಪರಿಣಾಮವನ್ನು ತಿಳಿಸುವ ವಿದ್ಯೆಯೂ ಒಂದೇ ವರ್ಷದ ಕೂಸುಗಳು. ಒಂದು ಬೇಗ ಬೆಳೆಯಿತು. ಇನ್ನೊಂದರ ಮಾತಿಗೆ ಜನ ಕಿವಿಗೊಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಭೂಮಿ ಹಗಲೆಲ್ಲ ಬಿಸಿಲು ಹೀರಿ ಮತ್ತೆ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಹಸಿರುಮನೆ ಅನಿಲಗಳು ಕಂಬಳಿಯ ಹಾಗೆ ಅದರಲ್ಲಿ ಸ್ವಲ್ಪವನ್ನು ತಡೆಹಿಡಿಯುತ್ತವೆ. ಕಂಬಳಿ ಹದವಾಗಿದ್ದರೆ ಹಿತ, ದಪ್ಪವಾದರೆ ಸಂಕಟ. ಇಂಗಾಲದ ಡೈ ಆಕ್ಸೈಡು ಅಂಥದೊಂದು ಅನಿಲ. ಒಮ್ಮೆ ಸೇರಿದರೆ ಅದರ ಒಂದು ಪಾಲು ನೂರಾರು ವರ್ಷ ವಾಯುಮಂಡಲದಲ್ಲಿ ಉಳಿಯುತ್ತದೆ. ಮೀಥೇನ್ ಹಾಗಲ್ಲ; ಸುಮಾರು ಹನ್ನೆರಡು ವರ್ಷದ ಆಯುಸ್ಸು ಅದಕ್ಕೆ. ಆದರೆ ಇದ್ದಷ್ಟು ದಿನ ಬಹಳ ಉಗ್ರ. ತೂಕಕ್ಕೆ ತೂಕ ಹಿಡಿದು ನೋಡಿದರೆ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈ ಆಕ್ಸೈಡಿನ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿಯೂ ಸುಮಾರು 28ರಿಂದ 30 ಪಟ್ಟು. ಕೈಗಾರಿಕೆಯ ಯುಗ ಮೊದಲಾದ ಮೇಲೆ ಗಾಳಿಯಲ್ಲಿ ಮೀಥೇನಿನ ಅಂಶ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಲೋಕಕ್ಕೆ ಈವರೆಗೆ ಏರಿರುವ ತಾಪದಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಅದೇ ಹೊಣೆ. ದನಕರು, ಭತ್ತದ ಗದ್ದೆ, ಕೊಳೆಯುವ ಕಸ ಇವೂ ಮೀಥೇನನ್ನು ಬಿಡುತ್ತವೆ ನಿಜ. ಎಣ್ಣೆ ಮತ್ತು ಅನಿಲದ ಉದ್ಯಮದ ಪಾಲು ವರ್ಷಕ್ಕೆ ಸುಮಾರು 8 ಕೋಟಿ ಟನ್.

ಇನ್ನು ಸುಡುವ ಲೆಕ್ಕ. ಒಂದು ಟನ್ ಮೀಥೇನನ್ನು ಪೂರ್ತಿ ಸುಟ್ಟರೆ ಎರಡು ಮುಕ್ಕಾಲು ಟನ್ ಇಂಗಾಲದ ಡೈ ಆಕ್ಸೈಡು ಬರುತ್ತದೆ. ಸುಡದೆ ಬಿಟ್ಟರೆ ಅದರ ಕೆಡುಕು ಎಷ್ಟೋ ಪಟ್ಟು. ಆದ್ದರಿಂದ ಸೋರುವುದಕ್ಕಿಂತ ಸುಡುವುದು ಮೇಲು. ಆದರೆ ಜ್ವಾಲೆ ಎಲ್ಲವನ್ನೂ ಸುಡುತ್ತದೆಯೆ? ನೂರರಲ್ಲಿ 98 ಪಾಲು ಸುಡುತ್ತದೆಂದು ಬಹುಕಾಲ ಲೆಕ್ಕ ಬರೆಯುತ್ತಿದ್ದರು. ಅಮೆರಿಕದ ಮೂರು ದೊಡ್ಡ ಎಣ್ಣೆಪ್ರದೇಶಗಳ ಮೇಲೆ ವಿಜ್ಞಾನಿಗಳು ವಿಮಾನದಲ್ಲಿ ಹಾರಿ ಅಳೆದು 2022ರಲ್ಲಿ ಪ್ರಕಟಿಸಿದ ಫಲ ಬೇರೆಯಾಗಿತ್ತು. ಗಾಳಿಗೆ ಜ್ವಾಲೆ ಹೊಯ್ದಾಡುವುದು, ಕೆಲವು ಕೊಳವೆಗಳಲ್ಲಿ ಬೆಂಕಿ ಆರಿಹೋಗಿ ಅನಿಲ ಹಾಗೆಯೇ ಹೊರಬರುವುದು, ಇವೆಲ್ಲ ಸೇರಿ ನಿಜವಾಗಿ ಸುಟ್ಟುಹೋಗುತ್ತಿದ್ದುದು ನೂರರಲ್ಲಿ ಸುಮಾರು 91 ಪಾಲು. ಎರಡು ಪಾಲು ತಪ್ಪಿಸಿಕೊಳ್ಳುತ್ತದೆಂದು ನಂಬಿದ್ದ ಕಡೆ ಒಂಬತ್ತು ಪಾಲು ತಪ್ಪಿಸಿಕೊಳ್ಳುತ್ತಿತ್ತು.

ಇದನ್ನು ನಿಲ್ಲಿಸಲು ಹೊಸ ವಿದ್ಯೆಯೇನೂ ಬೇಕಾಗಿಲ್ಲ. ನಾರ್ವೆ ದೇಶದ ಕಥೆಯನ್ನು ಕೇಳಿದರೆ ಇದು ಸ್ಪಷ್ಟವಾಗುತ್ತದೆ. 1969ರ ಕೊನೆಯಲ್ಲಿ ಉತ್ತರ ಸಮುದ್ರದ ಅಡಿಯಲ್ಲಿ, ಎಕೊಫಿಸ್ಕ್ ಎಂಬಲ್ಲಿ, ಆ ದೇಶಕ್ಕೆ ದೊಡ್ಡ ಎಣ್ಣೆಯ ನಿಧಿ ಸಿಕ್ಕಿತು. ಮೀನು, ಮರ, ಹಡಗುಗಳನ್ನು ನಂಬಿದ್ದ ದೇಶಕ್ಕೆ ಇದ್ದಕ್ಕಿದ್ದಂತೆ ಐಶ್ವರ್ಯದ ಬಾಗಿಲು ತೆರೆಯಿತು. ಹೊಸ ಐಶ್ವರ್ಯ ಬಂದಾಗ ಮೊದಲು ಅವಸರ ಬರುತ್ತದೆ. ಆದರೆ 1971ರ ಜೂನಿನಲ್ಲಿ ನಾರ್ವೆಯ ಪಾರ್ಲಿಮೆಂಟು ಎಣ್ಣೆಯ ವಿಷಯದಲ್ಲಿ ದೇಶ ಪಾಲಿಸಬೇಕಾದ ಹತ್ತು ಸೂತ್ರಗಳನ್ನು ಮುಂದಿಟ್ಟಿತು. ಅವನ್ನು ಅಲ್ಲಿಯ ಜನ ‘ಎಣ್ಣೆಯ ಹತ್ತು ಕಟ್ಟಳೆಗಳು’ ಎಂದು ಕರೆಯುತ್ತಾರೆ. ಅವುಗಳಲ್ಲಿ ಒಂದರ ತಾತ್ಪರ್ಯ ಇದು: ಉಪಯೋಗಕ್ಕೆ ಬರುವ ಅನಿಲವನ್ನು ನಮ್ಮ ಸಮುದ್ರದಲ್ಲಿ ಸುಡಲು ಒಪ್ಪುವುದಿಲ್ಲ, ಪರೀಕ್ಷೆಯ ಅಲ್ಪ ಕಾಲಕ್ಕೆ ಮಾತ್ರ ವಿನಾಯಿತಿ.

ಆಗ ಹವಾಗುಣದ ಚಿಂತೆ ಯಾರಿಗೂ ಅಷ್ಟಾಗಿ ಇರಲಿಲ್ಲ. ದೇಶದ ಸೊತ್ತು ವ್ಯರ್ಥವಾಗಬಾರದೆಂಬುದಷ್ಟೇ ವಿಚಾರ. ಆದರೆ ಕಟ್ಟಳೆ ಮಾಡಿದ ಮೇಲೆ ಅನಿಲಕ್ಕೆ ದಾರಿ ಹುಡುಕಲೇಬೇಕಾಯಿತು. ಎಕೊಫಿಸ್ಕಿಗೂ ನಾರ್ವೆಯ ತೀರಕ್ಕೂ ನಡುವೆ ಸಮುದ್ರದ ಆಳವಾದ ಕಂದಕವೊಂದಿದೆ. ಅದನ್ನು ದಾಟಿ ಕೊಳವೆ ಹಾಕುವುದು ಅಂದಿನ ಎಂಜಿನಿಯರುಗಳಿಗೆ ಆಗದ ಕೆಲಸ. ಆದ್ದರಿಂದ ಎಣ್ಣೆಯ ಕೊಳವೆ 1975ರಲ್ಲಿ ಇಂಗ್ಲೆಂಡಿನ ಟೀಸ್‌ಸೈಡಿಗೆ ಹೋಯಿತು. ಅನಿಲದ ಕೊಳವೆ 1977ರಲ್ಲಿ ಜರ್ಮನಿಯ ಎಮ್ಡೆನ್ ಪಟ್ಟಣ ಸೇರಿತು. ಮೊದಲನೆಯ ಮಹಾಯುದ್ಧದಲ್ಲಿ ಮದರಾಸಿನ ಎಣ್ಣೆಯ ತೊಟ್ಟಿಗಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚಿದ ಎಮ್ಡೆನ್ ಹಡಗಿಗೆ ಹೆಸರು ಬಂದದ್ದು ಈ ಊರಿನಿಂದಲೇ. ಕೊಳವೆ ಮುಗಿಯುವವರೆಗಿನ ಕಾಲದಲ್ಲಿ ಅನಿಲವನ್ನು ಮತ್ತೆ ನೆಲದೊಳಕ್ಕೇ ತಳ್ಳುವ ಏರ್ಪಾಡು ಮಾಡಿದರು. ಹಾಗೆ ಹಿಂದಕ್ಕೆ ಕಳಿಸಿದ ಅನಿಲ ದಂಡವಲ್ಲ: ಬಂಡೆಯೊಳಗಿನ ಒತ್ತಡ ಇಳಿಯದಂತೆ ತಡೆದು ಇನ್ನಷ್ಟು ಎಣ್ಣೆ ಹೊರಬರಲು ಸಹಾಯ ಮಾಡುತ್ತದೆ. ಕಂದಕವನ್ನು ದಾಟಿ ನಾರ್ವೆಯ ತೀರಕ್ಕೇ ಅನಿಲದ ಕೊಳವೆ ಬಂದದ್ದು 1985ರಲ್ಲಿ.

ಇದೇ ಕಾಲದಲ್ಲಿ ನೈಜೀರಿಯದಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ನೈಜರ್ ನದಿಯ ಮುಖಜ ಭೂಮಿಯಲ್ಲಿ, ಓಲೋಯಿಬಿರಿ ಎಂಬ ಹಳ್ಳಿಯಲ್ಲಿ 1956ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಯೂ ಕಾನೂನು ಬಂದಿತು. 1979ರ ಕಾನೂನಿನ ಪ್ರಕಾರ 1984ರ ಜನವರಿ 1ರ ಮೇಲೆ ಮಂತ್ರಿಯ ಅಪ್ಪಣೆಯಿಲ್ಲದೆ ಅನಿಲ ಸುಡಕೂಡದು. ಕಾಗದದ ಮೇಲೆ ನಾರ್ವೆಯ ಕಟ್ಟಳೆಗೆ ಇದೇನೂ ಕಡಿಮೆಯಲ್ಲ. ಆದರೆ ಅಪ್ಪಣೆಗಳು ಧಾರಾಳವಾಗಿ ಸಿಕ್ಕವು. ಸುಟ್ಟದ್ದಕ್ಕೆ ತೆರಬೇಕಾದ ದಂಡ ಕೊಳವೆ ಹಾಕುವ ಖರ್ಚಿನ ಮುಂದೆ ಏನೇನೂ ಅಲ್ಲ. ದಂಡ ಕೊಟ್ಟು ಸುಡುವುದೇ ಲಾಭವಾಯಿತು. ಗಡುವು ಮುಂದೆ ಮುಂದೆ ಹೋಯಿತು. ಹಳ್ಳಿಗಳ ಪಕ್ಕದಲ್ಲಿಯೇ ಜ್ವಾಲೆಗಳು ಹಗಲೂ ಇರುಳೂ ಉರಿದವು. ಕತ್ತಲೆಂಬುದನ್ನೇ ಕಾಣದ ಮಕ್ಕಳು ಅಲ್ಲಿ ಬೆಳೆದರು. ಕೊನೆಗೆ ಒಂದು ಹಳ್ಳಿಯವರು ನ್ಯಾಯಾಲಯಕ್ಕೆ ಹೋದರು. ಹೀಗೆ ಅನಿಲ ಸುಡುವುದು ಜನರ ಬದುಕುವ ಹಕ್ಕಿಗೆ ವಿರುದ್ಧವೆಂದು 2005ರ ನವೆಂಬರಿನಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪಿನ ಮರುದಿನವೇ ಬೆಂಕಿ ಆರಲಿಲ್ಲ. 1999ರಲ್ಲಿ ಬಾನಿ ದ್ವೀಪದಿಂದ ದ್ರವರೂಪದ ಅನಿಲ ಹಡಗೇರತೊಡಗಿದ್ದರಿಂದ ಅನಿಲಕ್ಕೆ ಬೆಲೆ ಬಂದಿತು, ಸುಡುವುದು ಬಹಳಷ್ಟು ಇಳಿಯಿತು. ಆದರೂ ಮೇಲೆ ಹೇಳಿದ ಒಂಬತ್ತು ದೇಶಗಳ ಪಟ್ಟಿಯಲ್ಲಿ ನೈಜೀರಿಯದ ಹೆಸರು ಇನ್ನೂ ಇದೆ.

ಬಾವಿಯೂ ಒಂದೇ, ಅನಿಲವೂ ಒಂದೇ, ಯಂತ್ರಗಳೂ ಹೆಚ್ಚುಕಡಮೆ ಒಂದೇ. ವ್ಯತ್ಯಾಸವೆಲ್ಲ ಎಸೆಯುವುದಕ್ಕೆ ತೆರಬೇಕಾದ ಬೆಲೆಯಲ್ಲಿದೆ. ಒಂದು ಕಡೆ, ಅನಿಲಕ್ಕೆ ದಾರಿ ಮಾಡದಿದ್ದರೆ ಎಣ್ಣೆಯನ್ನೇ ಎತ್ತುವಂತಿಲ್ಲ. ಇನ್ನೊಂದು ಕಡೆ, ಚಿಲ್ಲರೆ ದಂಡ ತೆತ್ತರೆ ಸಾಕು. ಎಸೆಯುವುದು ಅಗ್ಗವಾಗಿರುವವರೆಗೆ ಎಸೆಯುವವರು ಇದ್ದೇ ಇರುತ್ತಾರೆ.

ನಾರ್ವೆಯಲ್ಲಿಯೇ ಇದಕ್ಕೆ ಇನ್ನೊಂದು ಸಾಕ್ಷಿಯಿದೆ. 1991ರಲ್ಲಿ ಆ ದೇಶ ಇಂಗಾಲದ ಡೈ ಆಕ್ಸೈಡಿನ ಮೇಲೆ ತೆರಿಗೆ ಹಾಕಿತು. ಸಮುದ್ರದ ಮೇಲಿನ ಎಣ್ಣೆಯ ಕಟ್ಟೆಗಳಿಗೂ ಅದು ಅನ್ವಯಿಸಿತು. ಆಗ ಸ್ಲೈಪ್ನರ್ ಎಂಬ ಹೊಸ ಅನಿಲ ಪ್ರದೇಶ ಸಿದ್ಧವಾಗುತ್ತಿತ್ತು. ಅಲ್ಲಿಯ ಅನಿಲದಲ್ಲಿ ನೂರಕ್ಕೆ ಸುಮಾರು 9 ಪಾಲು ಇಂಗಾಲದ ಡೈ ಆಕ್ಸೈಡು ಬೆರೆತಿತ್ತು. ಕೊಳ್ಳುವವರು ಎರಡೂವರೆ ಪಾಲಿಗಿಂತ ಹೆಚ್ಚಿದ್ದರೆ ಒಪ್ಪರು. ಹೆಚ್ಚಿನದನ್ನು ಬೇರ್ಪಡಿಸಲೇಬೇಕು. ಬೇರ್ಪಡಿಸಿದ್ದನ್ನು ಎಂದಿನಂತೆ ಗಾಳಿಗೆ ಬಿಟ್ಟರೆ ಟನ್ನಿಗೆ ಇಷ್ಟೆಂದು ತೆರಿಗೆ ಕೊಡಬೇಕು. ಅದಕ್ಕಿಂತ ಸಮುದ್ರದ ತಳದಿಂದ ಸುಮಾರು 800ರಿಂದ 1,000 ಮೀಟರ್ ಕೆಳಗಿರುವ, ಉಪ್ಪುನೀರು ತುಂಬಿದ ಮರಳುಕಲ್ಲಿನ ಪದರದೊಳಕ್ಕೆ ಅದನ್ನು ಒತ್ತಿಬಿಡುವುದು ಅಗ್ಗವೆಂದು ಲೆಕ್ಕ ತೋರಿಸಿತು. 1996ರಲ್ಲಿ ಕೆಲಸ ಆರಂಭವಾಯಿತು. ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಹತ್ತಿರ ಹತ್ತಿರ ಒಳಕ್ಕೆ ಕಳಿಸಿದರು. ಮೇಲೆ ಗಟ್ಟಿಯಾದ ಜೇಡಿಕಲ್ಲಿನ ಮುಚ್ಚಳವಿದೆ. ಶಬ್ದದ ಅಲೆಗಳನ್ನು ಕಳಿಸಿ, ಅವು ಹಿಂದಿರುಗುವ ರೀತಿಯಿಂದ ಒಳಗಿರುವುದು ಎಲ್ಲಿ ಹರಡಿದೆ ಎಂದು ಆಗಾಗ ನೋಡುತ್ತ ಬಂದಿದ್ದಾರೆ. ಅದು ಮುಚ್ಚಳದ ಅಡಿಯಲ್ಲಿಯೇ ಉಳಿದುಕೊಂಡಿದೆ.

ಆದರೆ ಇದನ್ನು ಎಲ್ಲ ರೋಗಕ್ಕೂ ಒಂದೇ ಮದ್ದೆಂದು ತಿಳಿಯಬಾರದು. ಆಲ್ಜೀರಿಯದ ಇನ್ ಸಾಲಾ ಎಂಬಲ್ಲಿ 2004ರಲ್ಲಿ ಇಂಥದೇ ಕೆಲಸ ಮೊದಲಾಗಿ, ಮೇಲಿನ ಬಂಡೆಯ ಭದ್ರತೆಯ ಬಗ್ಗೆ ಸಂದೇಹ ಬಂದು 2011ರಲ್ಲಿ ನಿಂತಿತು. ಆಸ್ಟ್ರೇಲಿಯದ ಗಾರ್ಗನ್ ಎಂಬಲ್ಲಿ 2019ರಲ್ಲಿ ತಡವಾಗಿ ಮೊದಲಾದ ಯೋಜನೆ, ಒಪ್ಪಿಕೊಂಡಿದ್ದಕ್ಕಿಂತ ಬಹಳ ಕಡಿಮೆ ಒಳಕ್ಕೆ ಕಳಿಸಿದೆ. ನೆಲದಡಿಯ ಬಂಡೆ ಎಲ್ಲ ಕಡೆಯೂ ಒಂದೇ ಸ್ವಭಾವದ್ದಲ್ಲ.

ಕಟ್ಟೆಗಳ ಮೇಲಿನ ಯಂತ್ರಗಳ ವಿಚಾರವೂ ಇದೆ. ಪಂಪು, ಸಂಪೀಡಕ, ದೀಪ ಎಲ್ಲಕ್ಕೂ ಶಕ್ತಿ ಬೇಕು. ಅದಕ್ಕಾಗಿ ಕಟ್ಟೆಯ ಮೇಲೆಯೇ ಅನಿಲ ಸುಟ್ಟು ಟರ್ಬೈನು ತಿರುಗಿಸುತ್ತಾರೆ. ನಾರ್ವೆಯ ಸಮುದ್ರದಲ್ಲಿ ಹೊರಬರುವ ಇಂಗಾಲದ ಡೈ ಆಕ್ಸೈಡಿನ ಬಹುಭಾಗ ಈ ಟರ್ಬೈನುಗಳದ್ದೇ. 1996ರಲ್ಲಿ ಕೆಲಸ ಮಾಡತೊಡಗಿದ ಟ್ರೋಲ್ ಎಂಬ ದೊಡ್ಡ ಕಟ್ಟೆಗೆ ತೀರದಿಂದ ಸಮುದ್ರದೊಳಗಿನ ಕೇಬಲಿನ ಮೂಲಕ ವಿದ್ಯುತ್ತು ಕೊಟ್ಟರು. 2019ರಿಂದ ಯೋಹಾನ್ ಸ್ವೆರ್ದ್ರುಪ್ ಎಂಬ ಪ್ರದೇಶಕ್ಕೂ ಹೀಗೆಯೇ. ಆ ದೇಶದ ವಿದ್ಯುತ್ತು ಬಹುಮಟ್ಟಿಗೆ ಜಲಪಾತಗಳಿಂದ ಬರುವುದರಿಂದ ಹೊಗೆಯ ಭಾರ ಇಳಿಯಿತು. ಆದರೆ ಮನೆಗಳಿಗೂ ಬೇರೆ ಕಾರ್ಖಾನೆಗಳಿಗೂ ಬೇಕಾದ ವಿದ್ಯುತ್ತನ್ನು ಎಣ್ಣೆಯ ಕಟ್ಟೆಗಳಿಗೆ ಕೊಡುವುದು ಸರಿಯೆ ಎಂಬ ವಾಗ್ವಾದ ಅಲ್ಲಿ ಈಗಲೂ ನಡೆದಿದೆ.

ಇನ್ನು ಸೋರಿಕೆ. ಇದು ಜ್ವಾಲೆಯಂತೆ ಕಣ್ಣಿಗೆ ಕಾಣುವುದಿಲ್ಲ. ಇದರಲ್ಲಿ ಮೂರು ಬಗೆ. ಕೆಟ್ಟ ವಾಲ್ವು, ಸಡಿಲವಾದ ಜೋಡಣೆ, ತೊಟ್ಟಿಯ ಮೇಲೆ ಮುಚ್ಚಲು ಮರೆತ ಮುಚ್ಚಳ, ಇವುಗಳಿಂದ ಆಗುವುದು ಅಜಾಗರೂಕತೆಯ ಸೋರಿಕೆ. ಎರಡನೆಯದು ಯಂತ್ರದ ಸ್ವಭಾವದಿಂದಲೇ ಆಗುವುದು: ವಿದ್ಯುತ್ತಿಲ್ಲದ ಕಡೆ ವಾಲ್ವುಗಳನ್ನು ತೆರೆದು ಮುಚ್ಚಲು ಅನಿಲದ ಒತ್ತಡವನ್ನೇ ಬಳಸುತ್ತಾರೆ, ಆಗ ಪ್ರತಿ ಸಲವೂ ಸ್ವಲ್ಪ ಅನಿಲ ಹೊರಕ್ಕೆ ಹೋಗುತ್ತದೆ. ಇಂಥ ಸಾಧನಗಳು ಲಕ್ಷಗಟ್ಟಲೆ ಇವೆ; ಹನಿ ಹನಿ ಕೂಡಿ ಹಳ್ಳವಾಗುತ್ತದೆ. ಅನಿಲಕ್ಕೆ ಬದಲು ಒತ್ತಿದ ಗಾಳಿಯನ್ನೋ ವಿದ್ಯುತ್ತನ್ನೋ ಬಳಸಿದರೆ ಇದು ನಿಲ್ಲುತ್ತದೆ. ಮೂರನೆಯದು ಅಪರೂಪದ ಆದರೆ ಭಾರಿ ಸೋರಿಕೆ. ಕ್ಯಾಲಿಫೋರ್ನಿಯದ ಅಲಿಸೊ ಕ್ಯಾನ್ಯನ್ ಎಂಬಲ್ಲಿ ಅನಿಲವನ್ನು ನೆಲದಡಿ ಕೂಡಿಟ್ಟಿದ್ದ ಒಂದು ಬಾವಿ 2015ರ ಅಕ್ಟೋಬರಿನಲ್ಲಿ ಒಡೆದು, 2016ರ ಫೆಬ್ರವರಿಯವರೆಗೆ ಸುಮಾರು 97,000 ಟನ್ ಮೀಥೇನ್ ಗಾಳಿಗೆ ಸೇರಿತು. ಅಲ್ಲಿ ವಾಸನೆ ಬೆರೆಸಿದ ಅನಿಲವಿತ್ತು, ಪಕ್ಕದಲ್ಲಿ ಜನವಸತಿಯಿತ್ತು. ಜನ ಮೂಗು ಹಿಡಿದು ದೂರು ಕೊಟ್ಟರು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಎಲ್ಲರ ಕಣ್ಣೆದುರಿಗಿನ ಸೋರಿಕೆಗೇ ನಾಲ್ಕು ತಿಂಗಳಾದರೆ, ಯಾರೂ ಇಲ್ಲದ ಮರಳುಗಾಡಿನಲ್ಲಿ ಇಪ್ಪತ್ತೈದು ವರ್ಷವಾದದ್ದು ಆಶ್ಚರ್ಯವಲ್ಲ.

ಈಗ ಆ ಮರಳುಗಾಡಿಗೂ ಒಂದು ಮೂಗು ಬಂದಿದೆ. ಮೀಥೇನ್ ನಮ್ಮ ಕಣ್ಣಿಗೆ ಕಾಣದಿದ್ದರೂ ಅತಿರಕ್ತ ಕಿರಣಗಳನ್ನು ನುಂಗುತ್ತದೆ. ಟಿಂಡಲ್ ಕೊಳವೆಯಲ್ಲಿ ಕಂಡ ಗುಣವೇ ಇದು. ಆ ಗುಣದ ಸಹಾಯದಿಂದಲೇ ಅದನ್ನು ಹಿಡಿಯಬಹುದು. ಕೈಯಲ್ಲಿ ಹಿಡಿಯುವ ಕ್ಯಾಮರಾದಲ್ಲಿ ಸೋರುವ ಅನಿಲ ಕಪ್ಪು ಹೊಗೆಯಂತೆ ಕಾಣುತ್ತದೆ. 2017ರಲ್ಲಿ ಯೂರೋಪಿನವರು ಹಾರಿಸಿದ ಉಪಗ್ರಹವೊಂದು ದಿನಕ್ಕೊಮ್ಮೆ ಭೂಮಂಡಲವನ್ನೆಲ್ಲ ನೋಡಿ ಎಲ್ಲಿ ಮೀಥೇನ್ ಹೆಚ್ಚಿದೆ ಎಂದು ತಿಳಿಸುತ್ತದೆ. 2022ರಿಂದ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಮೇಲಿನ ಉಪಕರಣವೂ ಈ ಕೆಲಸ ಮಾಡುತ್ತಿದೆ. ಎಲ್ಲವೂ ಸಲೀಸಾಗಿ ನಡೆದಿಲ್ಲ. 2024ರ ಮಾರ್ಚಿನಲ್ಲಿ ಇದಕ್ಕಾಗಿಯೇ ಹಾರಿಸಿದ ಮೀಥೇನ್‌ಸ್ಯಾಟ್ ಎಂಬ ಉಪಗ್ರಹ 2025ರ ಜೂನಿನಲ್ಲಿ ಸಂಪರ್ಕ ಕಳೆದುಕೊಂಡಿತು. ಆದರೂ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ಕಾಲ ಮುಗಿಯಿತು.

ಗೊತ್ತಾದ ಮಾತ್ರಕ್ಕೆ ಕೆಲಸವಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ವಿಶ್ವಸಂಸ್ಥೆಯವರು ತಿಳಿಸಿದ ಸೋರಿಕೆಗಳಲ್ಲಿ ಬಹುಪಾಲಿಗೆ ಉತ್ತರವೇ ಬರುವುದಿಲ್ಲ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಮೀಥೇನನ್ನು 2020ರ ಮಟ್ಟಕ್ಕಿಂತ ನೂರಕ್ಕೆ 30ರಷ್ಟು ಇಳಿಸಲು ಒಟ್ಟಾಗಿ ಶ್ರಮಿಸುವೆವೆಂದು ಮಾತು ಕೊಟ್ಟವು. ಅಮೆರಿಕ 2022ರಲ್ಲಿ ಮಿತಿಮೀರಿ ಮೀಥೇನ್ ಬಿಡುವ ಕಂಪೆನಿಗಳಿಗೆ ಟನ್ನಿನ ಲೆಕ್ಕದಲ್ಲಿ ಶುಲ್ಕ ವಿಧಿಸುವ ಕಾನೂನು ಮಾಡಿ, 2025ರಲ್ಲಿ ಅದನ್ನು 2034ಕ್ಕೆ ಮುಂದೂಡಿತು. ಐರೋಪ್ಯ ಒಕ್ಕೂಟ 2024ರಲ್ಲಿ ಸೋರಿಕೆ ಹುಡುಕಿ ಸರಿಪಡಿಸುವುದನ್ನು ಕಡ್ಡಾಯ ಮಾಡಿತು. ಈಗಿರುವ ಸಾಧನಗಳಿಂದಲೇ ಕಲ್ಲಿದ್ದಲು, ಎಣ್ಣೆ, ಅನಿಲ ಈ ಇಂಧನಗಳ ಉದ್ಯಮದ ಮೀಥೇನಿನಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ತಡೆಯಬಹುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಹಿಡಿದ ಅನಿಲವನ್ನು ಮಾರಬಹುದಾದ್ದರಿಂದ ಅದರಲ್ಲಿ ಒಂದು ಪಾಲಿನ ಖರ್ಚು ತಾನೇ ಹುಟ್ಟುತ್ತದೆ. ಹೀಗಿದ್ದೂ ಕೆಲಸ ನಿಧಾನ. ಸೋರಿದ್ದು ಯಾರ ಲೆಕ್ಕಪುಸ್ತಕದಲ್ಲಿಯೂ ನಷ್ಟವೆಂದು ಬರೆಯಲ್ಪಡದೆ ಇರುವವರೆಗೆ ಅದನ್ನು ತಡೆಯಲು ಯಾರಿಗೂ ಅವಸರವಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಎಣ್ಣೆ ಮತ್ತು ಅನಿಲವನ್ನು ಎತ್ತಿ, ಶುದ್ಧಿ ಮಾಡಿ, ಸಾಗಿಸುವ ಕೆಲಸದಿಂದ 2022ರಲ್ಲಿ ಸುಮಾರು 510 ಕೋಟಿ ಟನ್ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲಗಳು ಹೊರಬಂದವೆಂದು ಅದೇ ಸಂಸ್ಥೆಯ ಲೆಕ್ಕ. ಇದು ಲೋಕದ ಇಂಧನಗಳಿಂದಾಗುವ ಒಟ್ಟು ಭಾರದಲ್ಲಿ ನೂರಕ್ಕೆ 15ರ ಸಮೀಪ. ಸಣ್ಣ ಪಾಲೇನಲ್ಲ. ಆದರೆ ಅದೇ ಎಣ್ಣೆಯನ್ನೂ ಅನಿಲವನ್ನೂ ವಾಹನಗಳಲ್ಲಿ, ಕಾರ್ಖಾನೆಗಳಲ್ಲಿ, ಮನೆಗಳಲ್ಲಿ ಉರಿಸಿದಾಗ ಬರುವುದು ಇದಕ್ಕಿಂತ ಬಹಳ ಹೆಚ್ಚು. ನಾರ್ವೆ ತನ್ನ ಬಾವಿಗಳನ್ನು ಎಷ್ಟೇ ಚೊಕ್ಕಟವಾಗಿಟ್ಟುಕೊಂಡರೂ ಅದು ಮಾರಿದ ಎಣ್ಣೆ ಬೇರೆ ದೇಶಗಳಲ್ಲಿ ಹೊಗೆಯಾಗುತ್ತದೆ. ಪಾತ್ರೆಯ ತೂತನ್ನು ಮುಚ್ಚುವುದು ಒಂದು ಕೆಲಸ, ಪಾತ್ರೆಯಲ್ಲಿರುವುದನ್ನು ಕಡಿಮೆ ಬಳಸುವುದು ಇನ್ನೊಂದು. ಮೊದಲನೆಯದನ್ನು ಮಾಡಿದ್ದೇವೆಂದು ಹೇಳಿ ಎರಡನೆಯದನ್ನು ಬಿಡುವಂತಿಲ್ಲ. ಎರಡನೆಯದಕ್ಕೆ ದಶಕಗಳು ಬೇಕೆಂದು ಹೇಳಿ, ಈ ವರ್ಷವೇ ಆಗಬಹುದಾದ ಮೊದಲನೆಯದನ್ನು ಮುಂದೂಡುವುದೂ ಸರಿಯಲ್ಲ. ಮೀಥೇನಿನ ಆಯುಸ್ಸು ಹನ್ನೆರಡು ವರ್ಷ ಮಾತ್ರವಾದ್ದರಿಂದ ಇಂದು ತಡೆದದ್ದರ ಫಲವನ್ನು ಇಂದಿನ ಮಕ್ಕಳು ದೊಡ್ಡವರಾಗುವುದರೊಳಗೆ ಕಾಣಬಹುದು. ಹವಾಗುಣದ ವಿಷಯದಲ್ಲಿ ಇಷ್ಟು ಬೇಗ ಫಲ ಕೊಡುವ ಕೆಲಸ ಇನ್ನೊಂದು ಸಿಗುವುದು ಕಷ್ಟ.

ಇದೆಲ್ಲ ದೂರದ ದೇಶಗಳ ಮಾತು, ನಮಗೇನು ಎನ್ನುವಂತಿಲ್ಲ. ನಮ್ಮ ಮನೆಗಳ ಸಿಲಿಂಡರಿನಲ್ಲಿರುವುದು ಹೆಚ್ಚಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಆದರೆ ಬೀದಿಯ ಕೆಳಗಿನ ಕೊಳವೆಯಲ್ಲಿ ಒಲೆಗೆ ಬರುವುದು ಮೀಥೇನೇ. 2013ರಲ್ಲಿ ದಾಭೋಳದಿಂದ ಬೆಂಗಳೂರಿಗೂ, 2021ರ ಜನವರಿಯಲ್ಲಿ ಕೊಚ್ಚಿಯಿಂದ ಮಂಗಳೂರಿಗೂ ಅನಿಲದ ಕೊಳವೆಮಾರ್ಗಗಳು ಸಿದ್ಧವಾದವು. ಕೊಚ್ಚಿಗೆ ಆ ಅನಿಲ ಬರುವುದು ಹೊರದೇಶದ ಹಡಗಿನಲ್ಲಿ, 162 ಡಿಗ್ರಿ ತಣಿದು. ಮಂಗಳೂರಿನ ಒಂದು ಮನೆಯ ನೀಲಿ ಜ್ವಾಲೆಯ ಹಿಂದೆ ಎಲ್ಲಿಯದೋ ಒಂದು ಬಾವಿ, ಎಲ್ಲಿಯದೋ ಒಂದು ವಾಲ್ವು ಇದೆ. ಒಲೆಯ ಬಳಿ ಒಂದು ತೊಟ್ಟು ಸೋರಿದರೆ ಸಹಿಸದ ನಾವು, ಬಾವಿಯ ಬಳಿ ಎಷ್ಟು ಸೋರಿತೆಂದು ಮಾರುವವರನ್ನು ಕೇಳುವ ಹಕ್ಕುಳ್ಳವರು. ಅನಿಲ ಕೊಳ್ಳುವ ದೇಶಗಳು ಬೆಲೆ ಕೇಳುವಾಗ ಇದನ್ನೂ ಕೇಳತೊಡಗಿದರೆ, ಎಸೆಯುವುದರ ಬೆಲೆ ಏರುತ್ತದೆ. ಬಾವಿಯ ತಲೆಯ ಮೇಲಿನ ಬೆಂಕಿ ಆರುವುದು ಆಗಲೇ.